ಮಾರ್ಲ್‌ಬರೋ ಗುಡ್ಡದಲ್ಲಿ ಪುಟ ತಿರುವಿದ ಬೇಸಿಗೆ

(ಮೈಸೂರಿನಲ್ಲಿ ಸಂಗೀತಾಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಚದುರಿದ್ದ ಕೆಲವು ಸಂಗತಿಗಳನ್ನು ಬರೆಯುವಾಗ ಒಂದೆಡೆ ತಂದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

‘ನಿಮ್ಮನ್ನು ರೂಪಿಸಿದ ಒಂದು ಕಚೇರಿಯ ಬಗ್ಗೆ ಮಾತನಾಡಿ’ ಎಂದು ಈ ಕೂಟದವರು ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡೆ. ಮನೆಗೆ ಬಂದು ಯೋಚಿಸಿದ ಮೇಲೆ ತೊಡಕು ತಿಳಿಯಿತು. ನನ್ನನ್ನು ರೂಪಿಸಿದ್ದು ಕಚೇರಿಯಲ್ಲ, ಒಂದು ತಾಲೀಮು. ಐದು ವಾರ ನಡೆದು, ಕೊನೆಗೆ ವೇದಿಕೆಯನ್ನೇ ಏರದೆ ಮುಗಿದ ತಾಲೀಮು. ಅದು ನಡೆದದ್ದು 1992ರ ಬೇಸಿಗೆಯಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದ ಮಾರ್ಲ್‌ಬರೋ ಎಂಬ ಸಣ್ಣ ಊರಿನ ಗುಡ್ಡದ ಮೇಲೆ. ಮೂವತ್ತೆರಡು ವರ್ಷಗಳ ನಂತರ, 2024ರ ಜುಲೈಯಲ್ಲಿ, ಮತ್ತೆ ಅಲ್ಲಿಗೆ ಹೋಗಿಬಂದೆ. ಈ ಎರಡು ಬೇಸಿಗೆಗಳ ನಡುವೆ ನನ್ನ ನೆನಪು ಒಂದು ತಪ್ಪು ಮಾಡಿತ್ತು. ಅದನ್ನು ಹೇಳಲೆಂದೇ ಇಲ್ಲಿ ನಿಂತಿದ್ದೇನೆ, ಆದರೆ ಅಲ್ಲಿಗೆ ಬರಲು ತುಸು ಸುತ್ತಬೇಕು.

ಮಾರ್ಲ್‌ಬರೋಗೆ ನನ್ನ ದಾರಿ ಹೊರಟದ್ದು ಇದೇ ಊರಿನಿಂದ. ನನ್ನ ತಾತ ಮೈಸೂರು ಅರಮನೆಯ ಪಾಶ್ಚಾತ್ಯ ವಾದ್ಯವೃಂದದಲ್ಲಿ ಎರಡನೇ ಪಿಟೀಲು ನುಡಿಸುತ್ತಿದ್ದರು. ಅರಮನೆಯ ಆಸ್ಥಾನ ವಿದ್ವಾಂಸರ ಬಗ್ಗೆ ನಮಗೆಲ್ಲ ಕಥೆಗಳು ಗೊತ್ತು. ಅದೇ ಅಂಗಳದಲ್ಲಿ ಜರ್ಮನ್ ಸಂಗೀತಗಾರ ಆಟೋ ಶ್ಮಿಟ್ ಅವರ ನಿರ್ದೇಶನದಲ್ಲಿ ಮೈಸೂರಿನ ಹುಡುಗರು ಐದು ಗೆರೆಯ ಸ್ವರಲಿಪಿ ಓದಿ ಯೂರೋಪಿನ ಸಂಗೀತ ನುಡಿಸುತ್ತಿದ್ದುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ಕಲಿತವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರೇ. ರಷ್ಯಾದ ಸಂಯೋಜಕ ನಿಕೊಲಾಯ್ ಮೆಟ್ನರ್ ಮುಪ್ಪಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಹೋದದ್ದು ಮೈಸೂರಿನಿಂದ. 1950ರ ಮೇ ತಿಂಗಳಲ್ಲಿ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಸಿದಾಗ ಅದರ ಖರ್ಚಿಗೆ ಖಾತರಿ ನಿಂತವರೂ ಒಡೆಯರೇ. ಹಾಗಾಗಿ ಈ ಸಂಜೆ ನಾನು ಜರ್ಮನ್ ಸಂಯೋಜಕ ಬ್ರಾಮ್ಸ್ ಹೆಸರೆತ್ತಿದರೆ ಅದು ಈ ಊರಿಗೆ ಪರಕೀಯ ಹೆಸರಲ್ಲ.

ತಾತ ನನಗೆ ಪಿಟೀಲು ಕಲಿಸಲಿಲ್ಲ. ಅದನ್ನು ನಾನು ಕರ್ನಾಟಕ ಸಂಗೀತದಲ್ಲಿಯೇ ಬೇರೆ ಗುರುಗಳ ಬಳಿ ಕಲಿತೆ. ತಾತ ಕಲಿಸಿದ್ದು ಓದುವುದನ್ನು. ಹಜಾರದ ಗೋಡೆಗೆ ಒರಗಿ ಕುಳಿತು, ಹಳದಿಯಾದ ಹಾಳೆಗಳನ್ನು ಹರಡಿಕೊಂಡು, ಮೊದಲ ಪಿಟೀಲಿನ ಸಾಲನ್ನು ತಾವು ಗುನುಗುತ್ತಿದ್ದರು. ಎರಡನೆಯದನ್ನು ನಾನು ಗುನುಗಬೇಕು. ನನ್ನ ಸಾಲಿನಲ್ಲಿ ರಾಗವೇ ಇರುತ್ತಿರಲಿಲ್ಲ. ಒಂದೇ ಸ್ವರ ನಾಲ್ಕು ಸಲ, ಆಮೇಲೆ ವಿರಾಮ, ಮತ್ತೆ ಅದೇ ಸ್ವರ. ಬೇಸರವಾಗಿ ನಾನು ಅವರ ಸಾಲಿಗೆ ಜಾರಿಬಿಡುತ್ತಿದ್ದೆ. ತಾತ ಗದರುತ್ತಿರಲಿಲ್ಲ. ಕೈಯೆತ್ತಿ ನಿಲ್ಲಿಸಿ, ಮೊದಲಿನಿಂದ ಶುರುಮಾಡುತ್ತಿದ್ದರು.

1990ರಲ್ಲಿ ಸಸ್ಯಶಾಸ್ತ್ರ ಓದಲು ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್‌ಗೆ ಹೋದೆ. ಎರಡನೇ ವರ್ಷದ ಬೇಸಿಗೆಗೆ ಎಲ್ಲಿ ಇರುವುದೆಂದು ಯೋಚಿಸುತ್ತಿದ್ದಾಗ ಪರಿಚಿತರೊಬ್ಬರು ಹೇಳಿದರು: ಉತ್ತರಕ್ಕೆ ಒಂದು ಗಂಟೆ ಹೋದರೆ ಒಂದು ಸಂಗೀತೋತ್ಸವ ನಡೆಯುತ್ತದೆ, ಅಲ್ಲಿನ ಸ್ವರಲಿಪಿಗಳ ಗ್ರಂಥಾಲಯಕ್ಕೆ ಕೈನೆರವು ಬೇಕಂತೆ, ಸಂಬಳವಿಲ್ಲ, ಊಟ ವಸತಿ ಇದೆ. ನಾನು ಉತ್ಸವವೆಂದರೆ ಪೆಂಡಾಲು, ಮೈಕು, ಜನಸಾಗರ ಎಂದುಕೊಂಡು ಹೋದೆ.

ಕನೆಕ್ಟಿಕಟ್ ನದಿಯ ದಂಡೆಯ ಬ್ರ್ಯಾಟಲ್‌ಬರೋ ಪಟ್ಟಣದಿಂದ 9ನೇ ನಂಬರಿನ ರಸ್ತೆ ಪಶ್ಚಿಮಕ್ಕೆ ಬೆಟ್ಟ ಹತ್ತುತ್ತದೆ. (ಆ ಪಟ್ಟಣದ ಪಕ್ಕದಲ್ಲೇ ಕಿಪ್ಲಿಂಗ್ 1890ರ ದಶಕದಲ್ಲಿ ಮನೆ ಕಟ್ಟಿಸಿ, ಅದಕ್ಕೆ ‘ನೌಲಖಾ’ ಎಂದು ಹೆಸರಿಟ್ಟು, ಹೊರಗೆ ಹಿಮ ಬೀಳುತ್ತಿರುವಾಗ ಒಳಗೆ ಕುಳಿತು ಮಧ್ಯ ಭಾರತದ ಕಾಡಿನ ಕಥೆಗಳನ್ನು ಬರೆದ.) ಬೆಟ್ಟ ಹತ್ತಿ, ಕವಲು ರಸ್ತೆ ಹಿಡಿದು ಹೋದರೆ ಪೊಟ್ಯಾಷ್ ಹಿಲ್ ಎಂಬ ಗುಡ್ಡ, ಅದರ ಮೇಲೆ ಬಿಳಿ ಹಲಗೆಯ ಹತ್ತಾರು ಕಟ್ಟಡಗಳು. 1946ರಲ್ಲಿ, ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರು ಓದಲೆಂದು, ಹಳೆಯ ತೋಟವೊಂದರ ಮನೆ ಕೊಟ್ಟಿಗೆಗಳನ್ನೇ ತರಗತಿಗಳನ್ನಾಗಿ ಮಾಡಿಕೊಂಡು ಅಲ್ಲೊಂದು ಪುಟ್ಟ ಕಾಲೇಜು ಶುರುವಾಗಿತ್ತು. ಬೇಸಿಗೆಯಲ್ಲಿ ವಿದ್ಯಾರ್ಥಿಗಳು ಹೋದ ಮೇಲೆ ಅದೇ ಕಟ್ಟಡಗಳಿಗೆ ಸಂಗೀತಗಾರರು ಬರುತ್ತಿದ್ದರು.

ರಸ್ತೆಯ ಬದಿಯಲ್ಲಿ ಒಂದು ಪ್ರಸಿದ್ಧ ಫಲಕವಿದೆ. ‘ಎಚ್ಚರಿಕೆ, ಸಂಗೀತಗಾರರು ಆಡುತ್ತಿದ್ದಾರೆ’ ಎಂದು ಅದರರ್ಥ. ಇಂಗ್ಲಿಷಿನಲ್ಲಿ ಮಕ್ಕಳು ಆಡುವುದಕ್ಕೂ ವಾದ್ಯ ನುಡಿಸುವುದಕ್ಕೂ ಒಂದೇ ಕ್ರಿಯಾಪದ, ಫಲಕದ ಸೊಗಸು ಅಲ್ಲಿದೆ. ಕನ್ನಡದಲ್ಲಿ ಆ ಸೊಗಸು ಬರುವುದಿಲ್ಲ. ಆದರೆ ಆ ಬೇಸಿಗೆಯಲ್ಲೇ ನಮ್ಮ ಪದದ ಬೆಲೆ ನನಗೆ ಮೊದಲ ಬಾರಿ ತಿಳಿದದ್ದು. ನಾವು ಪಿಟೀಲನ್ನು ‘ನುಡಿಸುತ್ತೇವೆ’, ಎಂದರೆ ಅದರಿಂದ ಮಾತನಾಡಿಸುತ್ತೇವೆ. ನಾಲ್ಕು ತಂತಿವಾದ್ಯಗಳ ಕ್ವಾರ್ಟೆಟ್ ಕೇಳುವುದೆಂದರೆ ನಾಲ್ವರು ವಿವೇಕಿಗಳು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುವುದನ್ನು ಕೇಳಿದಂತೆ ಎಂದು ಗಯಟೆ 1829ರಲ್ಲಿ ಗೆಳೆಯನಿಗೆ ಬರೆದ. ಜರ್ಮನ್ ಭಾಷೆಯ ಮಹಾಕವಿ ಹೋಲಿಕೆಯಾಗಿ ಹೇಳಿದ್ದನ್ನು ನಮ್ಮ ಭಾಷೆ ಒಂದು ಕ್ರಿಯಾಪದದಲ್ಲಿ ಇಟ್ಟುಕೊಂಡಿದೆ.

ಈ ಉತ್ಸವವನ್ನು ಕಟ್ಟಿದವರ ಕಥೆ ಹೇಳಲೇಬೇಕು. ಆಡಾಲ್ಫ್ ಬುಷ್ ಜರ್ಮನಿಯ ದೊಡ್ಡ ಪಿಟೀಲು ವಾದಕ. ಅವರು ಯಹೂದಿಯಲ್ಲ. ಹಿಟ್ಲರನ ಆಡಳಿತ ಅವರನ್ನು ಮನ್ನಿಸಲು ಸಿದ್ಧವಿತ್ತು. ಆದರೆ 1933ರಲ್ಲಿ ಯಹೂದಿಗಳ ಮೇಲೆ ದಬ್ಬಾಳಿಕೆ ಶುರುವಾದಾಗ ಇನ್ನು ಈ ನೆಲದಲ್ಲಿ ನುಡಿಸುವುದಿಲ್ಲ ಎಂದು ಹೊರಟುಬಿಟ್ಟರು. ಪಿಯಾನೊ ವಾದಕ ರುಡಾಲ್ಫ್ ಸೆರ್ಕಿನ್ ಹದಿಹರೆಯದಲ್ಲೇ ಬುಷ್ ಮನೆ ಸೇರಿ, ಅವರ ಜೊತೆ ನುಡಿಸುತ್ತ ಬೆಳೆದು, ಮುಂದೆ ಅವರ ಅಳಿಯನಾದವರು. ಅವರು ಯಹೂದಿ. ಇಬ್ಬರ ಕುಟುಂಬವೂ ಕೊನೆಗೆ ಬಂದು ನೆಲೆಸಿದ್ದು ವರ್ಮಾಂಟಿನ ಗಿಲ್‌ಫರ್ಡ್ ಎಂಬ ಹಳ್ಳಿಯಲ್ಲಿ. ಫ್ರಾನ್ಸಿನಿಂದ ಬಂದ ಕೊಳಲು ವಾದಕ ಮಾರ್ಸೆಲ್ ಮೊಯ್ಸ್, ಅವರ ಮಗ ಲೂಯಿ, ಸೊಸೆ ಬ್ಲಾಂಷ್ ಇವರ ಜೊತೆ ಸೇರಿದರು. 1951ರಲ್ಲಿ ಉತ್ಸವ ಶುರುವಾಯಿತು. ಮರುವರ್ಷವೇ ಬುಷ್ ತೀರಿಕೊಂಡರು. ಸೆರ್ಕಿನ್ 1991ರಲ್ಲಿ ಸಾಯುವವರೆಗೂ, ನಲವತ್ತು ವರ್ಷ, ಅದನ್ನು ನಡೆಸಿದರು. ಸರ್ವಾಧಿಕಾರಿ ಫ್ರಾಂಕೋ ಆಳುತ್ತಿದ್ದ ಸ್ಪೇನಿಗೆ ಕಾಲಿಡಲೊಲ್ಲದೆ ದೇಶಾಂತರದಲ್ಲಿದ್ದ ಚೆಲ್ಲೊ (ಪಿಟೀಲಿನ ಬಳಗದ, ತಗ್ಗು ದನಿಯ ದೊಡ್ಡ ವಾದ್ಯ) ವಾದಕ ಪಾಬ್ಲೊ ಕಸಾಲ್ಸ್ 1960ರಿಂದ 1973ರವರೆಗೆ ಬೇಸಿಗೆಗಳಲ್ಲಿ ಅಲ್ಲಿಗೆ ಬಂದರು. ಕೊನೆಯ ಬೇಸಿಗೆಯಲ್ಲಿ ಅವರಿಗೆ ತೊಂಬತ್ತಾರು.

ಮನೆ ಬಿಟ್ಟು ಬಂದ ಇವರೆಲ್ಲ ಅಮೆರಿಕದ ಗುಡ್ಡದ ಮೇಲೆ ಮತ್ತೆ ಕಟ್ಟಲು ಬಯಸಿದ್ದು ದೊಡ್ಡ ಸಭಾಂಗಣವನ್ನಲ್ಲ. ಸಂಜೆಯ ಹೊತ್ತು ಮನೆಯವರು, ನೆಂಟರು, ಅತಿಥಿಗಳು ಕುಳಿತು ಜೊತೆಯಾಗಿ ನುಡಿಸುತ್ತಿದ್ದ ಕೋಣೆಯನ್ನು. ಚೇಂಬರ್ ಸಂಗೀತ ಎಂದರೆ ಅದೇ ಅಲ್ಲವೇ, ಕೋಣೆಯ ಸಂಗೀತ. ಒಂದೊಂದು ಸಾಲಿಗೆ ಒಬ್ಬೊಬ್ಬರೇ. ನಡುವೆ ಕೋಲು ಹಿಡಿದ ನಿರ್ದೇಶಕನಿಲ್ಲ. ಯಾರು ಯಾವಾಗ ಮುಂದಾಗಬೇಕು, ಯಾವಾಗ ಸರಿದು ನಿಲ್ಲಬೇಕು ಎಂಬುದನ್ನು ಅಲ್ಲಿದ್ದವರೇ ಗೊತ್ತುಮಾಡಿಕೊಳ್ಳಬೇಕು.

ಮಾರ್ಲ್‌ಬರೋದಲ್ಲಿ ಪಾಠಗಳಿಲ್ಲ. ಹಿರಿಯರು ಕಿರಿಯರಿಗೆ ಕಲಿಸುವುದಿಲ್ಲ, ಅವರ ಜೊತೆ ಕುಳಿತು ನುಡಿಸುತ್ತಾರೆ. ಎಪ್ಪತ್ತರ ವಿಶ್ವವಿಖ್ಯಾತರಿಗೂ ಇಪ್ಪತ್ತರ ಹುಡುಗಿಗೂ ಅಲ್ಲಿ ಇರುವುದು ಒಂದೇ ಹೆಸರು, ‘ಭಾಗವಹಿಸುವವರು’. ಏಳು ವಾರಗಳ ಬೇಸಿಗೆಯಲ್ಲಿ ಇನ್ನೂರಕ್ಕೂ ಹೆಚ್ಚು ಕೃತಿಗಳ ತಾಲೀಮು ನಡೆಯುತ್ತದೆ, ವಾರಾಂತ್ಯದ ಕಚೇರಿಗಳಲ್ಲಿ ಕೇಳಸಿಗುವುದು ಅದರಲ್ಲಿ ಸುಮಾರು ಕಾಲು ಭಾಗ. ಯಾವುದು ಹದಕ್ಕೆ ಬಂದಿದೆ ಎಂದು ನೋಡಿಯೇ ಮುಂದಿನ ವಾರ ಏನು ನುಡಿಸುವುದೆಂದು ತೀರ್ಮಾನಿಸುತ್ತಾರೆ. ಟಿಕೆಟ್ ಕೊಳ್ಳುವವರು ಏನು ಕೇಳಲಿದ್ದೇವೆ ಎಂದು ತಿಳಿಯದೆಯೇ ಕೊಳ್ಳುತ್ತಾರೆ.

ಊಟದ ಮನೆಯಲ್ಲಿ ಕಾಗದದ ಕೈಒರೆಸುಗಳನ್ನು ಉಂಡೆ ಮಾಡಿ ಒಬ್ಬರ ಮೇಲೊಬ್ಬರು ಎಸೆಯುವುದು ಸೆರ್ಕಿನ್ ಕಾಲದಿಂದ ಬಂದ ಪದ್ಧತಿ. ಹಿರಿಯ ಕಿರಿಯರೆಂಬ ಭೇದವಿಲ್ಲ. ಸೆರ್ಕಿನ್ ಕಾಲದಲ್ಲಿ ಬೇಸಿಗೆ ಮುಗಿಯುವುದು ಬೀಟೋವನ್‌ನ ಕೋರಲ್ ಫ್ಯಾಂಟಸಿಯಿಂದ, ಅವರು ಪಿಯಾನೊಗೆ ಕುಳಿತರೆ ಅಡುಗೆಯವರು, ಆಫೀಸಿನವರು, ಸಂಗೀತಗಾರರ ಗಂಡಂದಿರು ಹೆಂಡತಿಯರು ಎಲ್ಲರೂ ಮೇಳದಲ್ಲಿ ನಿಂತು ಹಾಡುತ್ತಿದ್ದರು. 1964ರಲ್ಲಿ ಗಾರ್ನೇರಿ ಕ್ವಾರ್ಟೆಟ್ ಹುಟ್ಟಿದ್ದು ಇಂಥ ವಾತಾವರಣದಲ್ಲಿ. ಆ ತಂಡ ನಲವತ್ತೈದು ವರ್ಷ ಬಾಳಿತು.

ಇನ್ನು ನನ್ನ ಕೆಲಸ. ಗ್ರಂಥಾಲಯದಿಂದ ಹಾಳೆಗಳನ್ನು ಕೋಣೆಗಳಿಗೆ ಒಯ್ಯುವುದು, ಸಂಜೆ ಎಣಿಸಿ ಹಿಂದಕ್ಕೆ ತರುವುದು. ಎರಡನೇ ವಾರ ಒಬ್ಬರು ಬಂದು, ಪುಟ ತಿರುವಲು ಯಾರಿಗೆ ಬರುತ್ತದೆ ಎಂದು ಕೇಳಿದರು. ನಾನು ಕೈಯೆತ್ತಿದೆ.

ಪುಟ ತಿರುವುವುದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ನಮ್ಮ ಕಚೇರಿಗಳಲ್ಲಿ ಆ ಕೆಲಸವೇ ಇಲ್ಲ. ಪಿಯಾನೊ ವಾದಕರ ಎಡಕ್ಕೆ, ತುಸು ಹಿಂದೆ ಕುರ್ಚಿ. ಬಲಪುಟದ ಕೊನೆಯ ಎರಡು ಸಾಲು ಉಳಿದಿರುವಾಗ ಸದ್ದಾಗದಂತೆ ಎದ್ದು ನಿಲ್ಲಬೇಕು. ಎಡಗೈಯಿಂದ ಪುಟದ ಮೇಲಿನ ಮೂಲೆಯನ್ನು ಹಿಡಿಯಬೇಕು, ಕೆಳಗಿನದನ್ನು ಹಿಡಿದರೆ ತೋಳು ಅವರ ಕಣ್ಣಿಗೆ ಅಡ್ಡ ಬರುತ್ತದೆ. ಬಂದಿರುವುದು ಒಂದೇ ಹಾಳೆಯೆಂದು ಬೆರಳ ತುದಿಯಲ್ಲಿ ಉಜ್ಜಿ ಖಾತ್ರಿ ಮಾಡಿಕೊಳ್ಳಬೇಕು. ನುಡಿಸುವವರ ಕಣ್ಣು ಕೈಗಿಂತ ಮುಂದೆ ಓಡುತ್ತಿರುತ್ತದೆ, ಹಾಗಾಗಿ ಪುಟ ಮುಗಿದಾಗ ತಿರುವಿದರೆ ತಡ, ಮುಗಿಯುವ ಮೊದಲೇ ತಿರುವಬೇಕು. ಎಷ್ಟು ಮೊದಲು ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಅದನ್ನು ಕೇಳಿ ತಿಳಿಯಲಾಗುವುದಿಲ್ಲ, ಅವರ ಉಸಿರಿನ ಜೊತೆ ಉಸಿರಾಡಿದರೆ ಮೂರನೇ ದಿನಕ್ಕೆ ತಿಳಿಯುತ್ತದೆ.

ನಾನು ಕುಳಿತದ್ದು ಎಪ್ಪತ್ತು ದಾಟಿದ ಒಬ್ಬ ಪಿಯಾನೊ ವಾದಕರ ಪಕ್ಕ. ಅವರ ಹೆಸರು ಹೇಳುವುದಿಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಆಡಿದ ಮಾತುಗಳವು. ಜೊತೆಗೆ ಮೂವತ್ತರ ಆಸುಪಾಸಿನ ಚೆಲ್ಲೊ ವಾದಕ, ಪಿಟೀಲಿಗೆ ಒಬ್ಬ ಮಿತಭಾಷಿ ಹುಡುಗ, ಪಿಟೀಲಿಗಿಂತ ತುಸು ದೊಡ್ಡದಾದ ವಯೊಲಾಗೆ ಇಪ್ಪತ್ತು ವರ್ಷದ ಹುಡುಗಿ. ಐದನೆಯವಳು ನಾನು. ಕೃತಿ ಬ್ರಾಮ್ಸ್‌ನ ಸಿ ಮೈನರ್ ಪಿಯಾನೊ ಕ್ವಾರ್ಟೆಟ್, ಓಪಸ್ 60.

ಆ ಕೃತಿಗೆ ಉದ್ದದ ಚರಿತ್ರೆಯಿದೆ. ಬ್ರಾಮ್ಸ್ ಅದನ್ನು ಶುರುಮಾಡಿದ್ದು 1855ರಲ್ಲಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ. ಅವರನ್ನು ಮಗನಂತೆ ಕಂಡಿದ್ದ ಸಂಯೋಜಕ ರಾಬರ್ಟ್ ಶೂಮನ್ ಆಗ ಮಾನಸಿಕ ಚಿಕಿತ್ಸಾಲಯದಲ್ಲಿದ್ದರು, ಮರುವರ್ಷ ತೀರಿಕೊಂಡರು. ಶೂಮನ್‌ರ ಪತ್ನಿ ಕ್ಲಾರಾ ಮೇಲೆ ಈ ಯುವಕನಿಗೆ ಹೇಳಲಾಗದ ಪ್ರೀತಿ. ಕೃತಿಯನ್ನು ಮುಗಿಸಲಾಗದೆ ಎತ್ತಿಟ್ಟರು. ಮತ್ತೆ ಕೈಗೆತ್ತಿಕೊಂಡು ಮುಗಿಸಿದ್ದು 1875ರಲ್ಲಿ. ಹೊದಿಕೆಯ ಮೇಲೆ ತಲೆಗೆ ಪಿಸ್ತೂಲು ಹಿಡಿದ ಮನುಷ್ಯನ ಚಿತ್ರ ಹಾಕಬಹುದು ಎಂದು ಪ್ರಕಾಶಕರಿಗೆ ಬರೆದರಂತೆ. ಮೊದಲ ಭಾಗ ಕೇಳಿದರೆ ಆ ಮಾತು ಅರ್ಥವಾಗುತ್ತದೆ. ಪಿಯಾನೊ ಒಂದು ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಅಪ್ಪಳಿಸುತ್ತದೆ, ತಂತಿವಾದ್ಯಗಳು ನಿಟ್ಟುಸಿರಿನಂತೆ ಎರಡೆರಡು ಸ್ವರ ಇಳಿಯುತ್ತವೆ.

ನಾನು ಹೇಳಬೇಕಾಗಿರುವುದು ಮೂರನೇ ಭಾಗದ ಬಗ್ಗೆ. ವಿಳಂಬ ಗತಿ. ಚೆಲ್ಲೊ ಒಂಟಿಯಾಗಿ ಹಾಡಲು ತೊಡಗುತ್ತದೆ, ಪಿಯಾನೊ ಮೆಲ್ಲಗೆ ಒತ್ತಾಸೆ ಕೊಡುತ್ತದೆ. ಬಹಳ ಹೊತ್ತು ಅವೆರಡೇ. ಪಿಟೀಲು ಮತ್ತು ವಯೊಲಾ ಸುಮ್ಮನೆ ಕುಳಿತಿರುತ್ತವೆ. ಆಮೇಲೆ ಪಿಟೀಲು ಬಂದು ಚೆಲ್ಲೊ ಜೊತೆ ಸೇರುತ್ತದೆ, ವಯೊಲಾ ಅದಕ್ಕೂ ಆಮೇಲೆ.

ಆ ಪಿಟೀಲಿನ ಪ್ರವೇಶ ಸರಿಹೋಗುತ್ತಿರಲಿಲ್ಲ. ಹುಡುಗ ಒಳ್ಳೆಯ ವಾದಕ, ಸ್ವರ ಶುದ್ಧ, ಕಾಲ ಕರಾರುವಾಕ್ಕು. ಆದರೂ ಅವನು ಬಂದ ಕೂಡಲೇ ಕೋಣೆಯ ಗಾಳಿ ಬದಲಾದಂತೆ ಕೇಳಿಸುತ್ತಿತ್ತು. ಕಮಾನನ್ನು ಇನ್ನೂ ಹಗುರವಾಗಿಟ್ಟು ನೋಡಿದರು. ಬೇರೆ ತಂತಿಯಲ್ಲಿ ನೋಡಿದರು. ಚೆಲ್ಲೊವನ್ನು ತುಸು ಕುಗ್ಗಿಸಿ ನೋಡಿದರು. ಒಂದು ಬೆಳಗು ಪೂರ್ತಿ ಆ ಒಂದು ಪುಟದ ಮೇಲೆ ಹೋಯಿತು. ಮರುದಿನವೂ ಹೋಯಿತು. ತಿರುವುವ ಕೆಲಸ ನನಗೆ ಬರಲೇ ಇಲ್ಲ.

ಎರಡನೇ ದಿನ ಮಧ್ಯಾಹ್ನದ ಹತ್ತಿರ ಎಲ್ಲರೂ ಸೋತು ಕುಳಿತಿದ್ದಾಗ ಆ ಕೋಣೆಯಲ್ಲಿ ಒಂದು ಮಾತು ಬಂತು. “ನೀವಿಬ್ಬರೂ ಕಾಯುತ್ತಿಲ್ಲ, ಸುಮ್ಮನೆ ಕುಳಿತಿದ್ದೀರಿ. ಅದಕ್ಕೇ ಒಳಗೆ ಬರುವಾಗ ಬಾಗಿಲು ತಟ್ಟಿದ ಹಾಗೆ ಕೇಳಿಸುತ್ತದೆ.” ಆಮೇಲೆ ಮಾಡಿದ್ದು ಇಷ್ಟು: ಚೆಲ್ಲೊ ಹಾಡುತ್ತಿದ್ದ ಅಷ್ಟೂ ಹೊತ್ತು ಪಿಟೀಲಿನ ಹುಡುಗ, ವಯೊಲಾದ ಹುಡುಗಿ ಇಬ್ಬರೂ ಅದೇ ರಾಗವನ್ನು ಬಾಯಿ ಮುಚ್ಚಿ ಗುನುಗಿದರು. ಪಿಯಾನೊದವರೂ ಗುನುಗಿದರು. ನನಗೂ ಕಣ್ಣಿನಲ್ಲಿ ಸನ್ನೆ ಮಾಡಿದರು, ನಾನೂ ಗುನುಗಿದೆ. ಪಿಟೀಲು ಬಂದಾಗ ಅದು ಬಂದದ್ದೇ ಗೊತ್ತಾಗಲಿಲ್ಲ. ಮೊದಲಿನಿಂದ ಅಲ್ಲೇ ಇದ್ದು, ಈಗ ಬಾಯಿ ತೆರೆದಂತಿತ್ತು. ಮುಂದಿನ ಸಲ ಗುನುಗದೆ ನುಡಿಸಿದರು. ಹಾಗೆಯೇ ಉಳಿಯಿತು.

ಊರಿಗೆ ಮರಳಿ ಪಿಟೀಲು ಕಲಿಸಲು ಶುರುಮಾಡಿದ ಮೇಲೆ ಈ ಘಟನೆಯನ್ನು ನನ್ನ ಪ್ರತಿ ವಿದ್ಯಾರ್ಥಿಗೂ ಹೇಳಿದ್ದೇನೆ. ‘ಆ ಹಿರಿಯರು ಹೇಳಿದ ಒಂದು ಮಾತು’ ಎಂದೇ ಹೇಳುತ್ತಿದ್ದೆ. ಇಲ್ಲಿ ಕುಳಿತವರಲ್ಲಿ ಕೆಲವರು ಅದನ್ನು ನನ್ನ ಬಾಯಿಂದಲೇ ಕೇಳಿದ್ದೀರಿ.

ಆ ಕೃತಿ ವೇದಿಕೆ ಏರಲಿಲ್ಲ. ಐದು ವಾರಗಳ ಕೊನೆಗೆ, ಕೊನೆಯ ಭಾಗ ಇನ್ನೂ ಮಾಗಿಲ್ಲ ಎಂದು ಚೆಲ್ಲೊ ವಾದಕ ಹೇಳಿದರು. ಉಳಿದವರು ಒಪ್ಪಿದರು. ವಾದ ನಡೆಯಲಿಲ್ಲ. ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟ. ಇಷ್ಟೆಲ್ಲ ಮಾಡಿ ಯಾರಿಗೂ ಕೇಳಿಸುವುದಿಲ್ಲವೆಂದರೆ ಏನರ್ಥ? ಹೊರಡುವ ಹಿಂದಿನ ರಾತ್ರಿ ಅದೇ ಕೋಣೆಯಲ್ಲಿ ಒಮ್ಮೆ ಮೊದಲಿನಿಂದ ಕೊನೆಯವರೆಗೆ ನುಡಿಸಿದರು. ಕೇಳಲು ಇದ್ದವರು ಮೂವರು: ಚೆಲ್ಲೊ ವಾದಕರ ಹೆಂಡತಿ, ಅವರ ಮಡಿಲಲ್ಲಿ ನಿದ್ದೆ ಹೋಗಿದ್ದ ಮಗು, ಮತ್ತು ನಾನು. ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಮಗು ಎಚ್ಚರವಾದೀತೆಂದು.

(ಇಲ್ಲಿ ಸಭಿಕರೊಬ್ಬರು ಎದ್ದು ಕೇಳಿದರು: ನಮ್ಮಲ್ಲಿ ಗಾಯಕರೂ ಪಕ್ಕವಾದ್ಯದವರೂ ಎಷ್ಟೋ ಸಲ ಮೊದಲು ಭೇಟಿಯಾಗುವುದೇ ವೇದಿಕೆಯ ಮೇಲೆ. ತಾಲೀಮಿಲ್ಲದೆ ಅಷ್ಟು ಚೆನ್ನಾಗಿ ನುಡಿಸುತ್ತಾರಲ್ಲ. ಐದು ವಾರ ಏಕೆ ಬೇಕು?)

ಒಳ್ಳೆಯ ಪ್ರಶ್ನೆ, ನಾನೂ ಆ ಬೇಸಿಗೆಯಲ್ಲಿ ಇದನ್ನೇ ಕೇಳಿಕೊಂಡಿದ್ದೆ. ಅಲ್ಲಿ ಬರೆದ ಸ್ವರ ಬದಲಾಗುವುದಿಲ್ಲ, ಆದ್ದರಿಂದ ಹುಡುಕಾಟವೆಲ್ಲ ಆ ಸ್ವರವನ್ನು ಹೇಗೆ ಹೇಳುವುದು ಎಂಬುದರಲ್ಲಿ. ನಮ್ಮಲ್ಲಿ ಮನೋಧರ್ಮ ಮುಖ್ಯ, ಗಾಯಕ ಏನು ಹಾಡುತ್ತಾನೆಂದು ಅವನಿಗೇ ಮೊದಲು ಗೊತ್ತಿರುವುದಿಲ್ಲ, ತಾಲೀಮು ಮಾಡುವುದಾದರೂ ಯಾವುದನ್ನು? ನಮ್ಮ ಪಕ್ಕವಾದ್ಯದವರು ಸಾವಿರ ಕಚೇರಿ ಕೇಳಿ, ನೂರಾರು ಕೃತಿ ಪಾಠ ಮಾಡಿಕೊಂಡು, ಜೀವಮಾನದ ತಾಲೀಮನ್ನು ಮುಗಿಸಿಯೇ ವೇದಿಕೆಗೆ ಬರುತ್ತಾರೆ. ಅದು ಕಡಿಮೆಯದಲ್ಲ. ಆದರೆ ನಮ್ಮಲ್ಲಿ ಒಂದು ಕೊರತೆ ಇದೆ ಎಂದು ನನಗೆ ಅನ್ನಿಸುತ್ತದೆ, ಹಿರಿಯರು ಕ್ಷಮಿಸಬೇಕು. ಎಪ್ಪತ್ತರ ವಿದ್ವಾಂಸರಿಗೆ ಇಪ್ಪತ್ತರ ಹುಡುಗಿ ‘ಇಲ್ಲಿ ಏನೋ ಸರಿಯಿಲ್ಲ’ ಎಂದು ಹೇಳಬಹುದಾದ ಕೋಣೆ ನಮ್ಮಲ್ಲಿ ಎಲ್ಲಿದೆ? ವೇದಿಕೆಯ ಮೇಲೆ ಹೇಳುವಂತಿಲ್ಲ. ಪಾಠದ ಮನೆಯಲ್ಲಿ ಹೇಳುವಂತಿಲ್ಲ. ಕಚೇರಿ ಮುಗಿದ ಮೇಲೆ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇವೆ.

ಈಗ 2024ಕ್ಕೆ ಬರುತ್ತೇನೆ.

ಬಾಸ್ಟನ್ನಿನಿಂದ ನನ್ನ ತಂಗಿಯ ಮಗ ಕಾರಿನಲ್ಲಿ ಕರೆದೊಯ್ದ. 9ನೇ ನಂಬರಿನ ರಸ್ತೆಯಲ್ಲಿ ಏರು ಹತ್ತುವಾಗ ನನ್ನ ಕೈ ಬೆವರುತ್ತಿತ್ತು. ಹೋಗುವ ಮೊದಲೇ ಒಂದಷ್ಟು ಓದಿಕೊಂಡಿದ್ದೆ: ಆ ಪುಟ್ಟ ಕಾಲೇಜು ವಿದ್ಯಾರ್ಥಿಗಳಿಲ್ಲದೆ, ಹಣವಿಲ್ಲದೆ 2020ರಲ್ಲಿ ಮುಚ್ಚಿಹೋಯಿತು. ಅದೇ ಬೇಸಿಗೆ ಕೋವಿಡ್‌ನಿಂದ ಉತ್ಸವವೂ ನಡೆಯಲಿಲ್ಲ. 1951ರಿಂದ ಸಂಗೀತ ಕೇಳಿಸುತ್ತಿದ್ದ ಗುಡ್ಡದಲ್ಲಿ ಆ ವರ್ಷ ಬರೀ ಹಕ್ಕಿಗಳು. ಜಾಗ ಬೇರೆಯವರ ಕೈಗೆ ಹೋಗಿ, ಒಂದಷ್ಟು ತಕರಾರಾಗಿ, 2021ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಅದನ್ನು ಕೊಂ‌ಡಿತು, ಉತ್ಸವ ಉಳಿಯಿತು. ಈಗ ಅದನ್ನು ನಡೆಸುತ್ತಿರುವವರು ಪಿಯಾನೊ ವಾದಕರಾದ ಮಿತ್ಸುಕೊ ಉಚಿದಾ ಮತ್ತು ಜೊನಾಥನ್ ಬಿಸ್. ಉಚಿದಾ 1999ರಿಂದ ಆ ಹೊಣೆ ಹೊತ್ತಿದ್ದಾರೆ.

ಹೊಸ ಕುಟೀರಗಳು ಬಂದಿವೆ. ತಾಲೀಮಿಗೂ ಗ್ರಂಥಾಲಯಕ್ಕೂ ಹೊಸ ಕಟ್ಟಡವೊಂದು ಎದ್ದಿದೆ. ನೋಡಿ ಸಂತೋಷವಾಯಿತು, ಹಾಳೆಗಳು ತೇವಕ್ಕೆ ಸುರುಳಿಯಾಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಶನಿವಾರ ಸಂಜೆಯ ಕಚೇರಿ ಕೇಳಿದೆ. ಸೊಗಸಾಗಿತ್ತು. ಆದರೆ ನನ್ನ ಮನಸ್ಸು ಅಲ್ಲಿರಲಿಲ್ಲ, ಆ ಕೋಣೆಯನ್ನು ಹುಡುಕಬೇಕಿತ್ತು.

ಭಾನುವಾರ ಬೆಳಿಗ್ಗೆ ಹುಡುಕಿದೆ. ನನಗೆ ಗುರುತಿದ್ದದ್ದು ಕಿಟಕಿಯ ಹೊರಗಿನ ಮರ. ನಾನು ಸಸ್ಯಶಾಸ್ತ್ರ ಓದಿದವಳು, ಆ ಬೇಸಿಗೆ ಪೂರ್ತಿ ಆ ಮರವನ್ನು ನೋಡಿದವಳು. ಶುಗರ್ ಮೇಪಲ್, ಯಾರು ಕೇಳಿದರೂ ಹಾಗೆಯೇ ಹೇಳುತ್ತಿದ್ದೆ. ಕಟ್ಟಡ ಸಿಕ್ಕಿತು, ಕಿಟಕಿ ಸಿಕ್ಕಿತು. ಹೊರಗಿದ್ದ ಮರ ಮೇಪಲ್ ಅಲ್ಲ. ಹಳದಿ ಬರ್ಚ್. ತೊಗಟೆ ಕಂಚಿನ ಬಣ್ಣದಲ್ಲಿ ತೆಳ್ಳಗೆ ಸುಲಿದು ಸುರುಳಿ ಸುರುಳಿಯಾಗಿ ನಿಂತಿತ್ತು. ನೆಲಕ್ಕೆ ಬಿದ್ದಿದ್ದ ಕಡ್ಡಿಯೊಂದನ್ನು ಮುರಿದು ಮೂಸಿದೆ, ನೋವಿನ ಮುಲಾಮಿನಂಥ ತಣ್ಣನೆಯ ಘಮ, ಬರ್ಚ್‌ನದೇ. ಕಾಂಡದ ದಪ್ಪ ನೋಡಿದರೆ ಆ ಮರಕ್ಕೆ ಮೂವತ್ತೆರಡಕ್ಕಿಂತ ಎಷ್ಟೋ ಹೆಚ್ಚು ವಯಸ್ಸು. ಎಂದರೆ 1992ರಲ್ಲೂ ಅಲ್ಲಿ ಇದ್ದದ್ದು ಅದೇ ಬರ್ಚ್.

ಇದು ಸಣ್ಣ ವಿಷಯ ಅನ್ನಿಸಬಹುದು. ನನಗೆ ಕಾಲ ಕೆಳಗಿನ ನೆಲ ಸರಿದಂತಾಯಿತು. ನನ್ನ ವಿದ್ಯೆಯ ವಿಷಯದಲ್ಲೇ ನನ್ನ ನೆನಪು ಇಷ್ಟು ಧೈರ್ಯವಾಗಿ ಸುಳ್ಳು ಹೇಳಿದ್ದರೆ, ಉಳಿದದ್ದರ ಗತಿ ಏನು?

ಕಿಟಕಿ ಅರ್ಧ ತೆರೆದಿತ್ತು. ಒಳಗೆ ನಾಲ್ವರು ತಾಲೀಮು ಮಾಡುತ್ತಿದ್ದರು, ಯಾವ ಕೃತಿಯೆಂದು ನನಗೆ ಗೊತ್ತಾಗಲಿಲ್ಲ, ಈ ಕಾಲದ್ದಿರಬೇಕು. ನಾಲ್ಕು ಸ್ವರ ನುಡಿಸಿ ನಿಲ್ಲಿಸುತ್ತಿದ್ದರು. ಮಾತು. ಮತ್ತೆ ಆ ನಾಲ್ಕೇ ಸ್ವರ. ಯಾರೋ ನಕ್ಕರು. ಮತ್ತೆ ಅವೇ. ನಾನು ಬರ್ಚ್ ಮರಕ್ಕೆ ಒರಗಿ ನಿಂತು ಮುಕ್ಕಾಲು ಗಂಟೆ ಕೇಳಿದೆ. ಅವರು ಐದನೇ ಸ್ವರಕ್ಕೆ ಹೋಗಲಿಲ್ಲ. ತಂಗಿಯ ಮಗ ಬಂದು ಹೊರಡೋಣವೇ ಎಂದು ಕೇಳಿದ. ಕಣ್ಣು ಒರೆಸಿಕೊಂಡು ಹೊರಟೆ.

ಊರಿಗೆ ಬಂದ ವಾರವೇ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಅಮೆರಿಕದಿಂದ ನಾನು ತಾತನಿಗೆ ಬರೆದ ಕಾಗದಗಳನ್ನು ಅಮ್ಮ ದಾರ ಕಟ್ಟಿ ಇಟ್ಟಿದ್ದರು. ನೀಲಿ ಬಣ್ಣದ ಏರೋಗ್ರಾಮ್‌ಗಳು, ಮಡಿಕೆಯಲ್ಲಿ ಹರಿದಿವೆ. ಆಗ ತಾತನಿಗೆ ಎಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ದೊಡ್ಡಕ್ಷರದಲ್ಲಿ ಬರೆಯುತ್ತಿದ್ದೆ, ಹಾಗಾಗಿ ಒಂದೊಂದು ಕಾಗದದಲ್ಲಿ ಹೆಚ್ಚು ಹಿಡಿಸುತ್ತಿರಲಿಲ್ಲ. ಆ ದಿನದ ಕಾಗದ ಸಿಕ್ಕಿತು. ಅದರಲ್ಲಿ ಹೀಗಿದೆ, ಓದುತ್ತೇನೆ:

“ಎರಡು ದಿನದಿಂದ ಒಂದೇ ಪುಟ. ಇವತ್ತು ವಯೊಲಾ ಹುಡುಗಿ ಇದ್ದಕ್ಕಿದ್ದಂತೆ ಅಂದಳು, ‘ನಾವಿಬ್ಬರೂ ಕಾಯುತ್ತಿಲ್ಲ, ಸುಮ್ಮನೆ ಕುಳಿತಿದ್ದೇವೆ. ಅದಕ್ಕೇ ಒಳಗೆ ಬರುವಾಗ ಬಾಗಿಲು ತಟ್ಟಿದ ಹಾಗೆ ಕೇಳಿಸುತ್ತದೆ’ ಎಂದು. ಮುದುಕರು ಪಿಯಾನೊ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, ಹಾಗಾದರೆ ಏನು ಮಾಡೋಣ, ನೀನೇ ಹೇಳು ಎಂದರು.”

ವಯೊಲಾ ಹುಡುಗಿ. ‘ನೀವಿಬ್ಬರೂ’ ಅಲ್ಲ, ‘ನಾವಿಬ್ಬರೂ’. ಅದು ಹಿರಿಯರ ತಿದ್ದುಪಡಿಯಲ್ಲ, ಅವಳು ತನ್ನನ್ನೂ ಸೇರಿಸಿಕೊಂಡು ಹೇಳಿದ ಮಾತು. ಹಿರಿಯರು ಮಾಡಿದ್ದು ಕೇಳಿಸಿಕೊಂಡದ್ದು, ಆಮೇಲೆ ಅವಳನ್ನೇ ಕೇಳಿದ್ದು.

ಮೂವತ್ತು ವರ್ಷ ನಾನು ಆ ಮಾತನ್ನು ಅವಳ ಬಾಯಿಂದ ಕಿತ್ತು ಅವರ ಬಾಯಲ್ಲಿಟ್ಟಿದ್ದೆ. ಬೇಕೆಂದು ಮಾಡಿದ್ದಲ್ಲ. ಅಂಥ ಮಾತು ಹಿರಿಯರೇ ಹೇಳಿರಬೇಕು ಎಂದು ನನ್ನ ಬೆಳವಣಿಗೆ ಒಳಗೊಳಗೇ ತೀರ್ಮಾನಿಸಿಬಿಟ್ಟಿತ್ತು. ಮೊದಲ ವರ್ಷ ನೆನಪು ಸರಿಯಾಗಿಯೇ ಇದ್ದಿರಬಹುದು. ವಿದ್ಯಾರ್ಥಿಗಳಿಗೆ ಹೇಳುತ್ತ ಹೇಳುತ್ತ, ಗುರುವಿನ ಕುರ್ಚಿಯಲ್ಲಿ ಕುಳಿತು ಹೇಳುತ್ತ, ಅದು ಗುರುವಿನ ಮಾತಾಗಿ ಬದಲಾಯಿತು. ಮಾರ್ಲ್‌ಬರೋ ನನಗೆ ಕೊಟ್ಟಿದ್ದನ್ನು ನಾನು ಮೈಸೂರಿಗೆ ತರುವಾಗ ಅದರ ತಿರುಳನ್ನೇ ದಾರಿಯಲ್ಲಿ ಬಿಟ್ಟಿದ್ದೆ. ನನ್ನ ಹಳೆಯ ವಿದ್ಯಾರ್ಥಿಗಳು ಇಲ್ಲಿದ್ದೀರಿ. ನಿಮಗೆ ಈ ತಿದ್ದುಪಡಿಯನ್ನು ಎಲ್ಲರೆದುರು ಹೇಳಬೇಕಿತ್ತು.

ಆ ಹುಡುಗಿಗೆ ಈಗ ಐವತ್ತು ದಾಟಿರಬೇಕು. ಎಲ್ಲೋ ಒಂದು ವಾದ್ಯವೃಂದದ ನಡುಸಾಲಿನಲ್ಲಿ ಕುಳಿತು ನುಡಿಸುತ್ತಿರಬಹುದು.

ತಾತ ಆ ಕಾಗದವನ್ನು ಹೇಗೆ ಓದಿದರೆಂದು ಅಮ್ಮನನ್ನು ಕೇಳಿದೆ. ಅಮ್ಮನಿಗೆ ನೆನಪಿತ್ತು. ಎರಡು ಸಲ ಓದಿಸಿಕೊಂಡರಂತೆ. ‘ವಯೊಲಾ ಹುಡುಗಿಯಾ?’ ಎಂದು ಕೇಳಿ ಖಾತ್ರಿ ಮಾಡಿಕೊಂಡರಂತೆ. ಎರಡನೇ ಪಿಟೀಲಿನವರು.

ಆ ಏರೋಗ್ರಾಮ್‌ನಲ್ಲಿ ಜಾಗ ಮುಗಿದು, ಕೊನೆಯ ಸಾಲನ್ನು ಅಂಚಿನಲ್ಲಿ ಅಡ್ಡಲಾಗಿ ಬರೆದಿದ್ದೇನೆ. ಅಂಟಿನ ಜಾಗದಲ್ಲಿ ಅರ್ಧ ಅಳಿಸಿದೆ, ಆದರೂ ಓದಲು ಬರುತ್ತದೆ: “ತಾತ, ನಾಳೆಯೂ ಅದೇ ಪುಟವಂತೆ. ನಾನೂ ಗುನುಗಬಹುದು ಎಂದಿದ್ದಾರೆ.”